ಅಟ್ಟದ ಮೇಲಿನ ಸೀಸ

ಮಲೆನಾಡಿನ ಯಾವುದೇ ತೋಟಿಗರ ಮನೆಯ ಅಟ್ಟವನ್ನೋ ಕೊಟ್ಟಿಗೆಯ ಮೂಲೆಯನ್ನೋ ಇಣುಕಿ ನೋಡಿದರೆ ಕಳೆದ ಇಪ್ಪತ್ತು ವರ್ಷಗಳ ಬೇಸಾಯದ ಚರಿತ್ರೆ ಅಲ್ಲಿ ರಾಶಿಬಿದ್ದಿರುತ್ತದೆ. ಬೆನ್ನಿಗೆ ಹೊರುವ ಬ್ಯಾಟರಿ ಪಂಪು, ಅದರ ಸುಟ್ಟುಹೋದ ಚಾರ್ಜರು, ಮೋಟಾರು ಕೆಟ್ಟ ಹುಲ್ಲು ಕೊಚ್ಚುವ ಯಂತ್ರ, ಹಲ್ಲು ಮುರಿದ ಬೇಲಿ ಕತ್ತರಿ, ಹೊಟ್ಟೆ ಉಬ್ಬಿಸಿಕೊಂಡ ಲಿಥಿಯಂ ಬ್ಯಾಟರಿಯ ಸವರುಗತ್ತರಿ, ಇಲಿ ಕಡಿದ ವಯರಿನ ಸುರುಳಿಗಳು. ಇವುಗಳ ನಡುವೆಯೇ ಎಲ್ಲೋ ಅಜ್ಜನ ಕಾಲದ ಹಿತ್ತಾಳೆಯ ಕೈಪಂಪೊಂದು ಕಿಲುಬು ಹಿಡಿದು ನಿಂತಿರುತ್ತದೆ. ಚರ್ಮದ ವಾಷರು ಬದಲಿಸಿ ನಾಲ್ಕು ಹನಿ ಎಣ್ಣೆ ಬಿಟ್ಟರೆ ಅದು ಇಂದಿಗೂ ನೀರು ಚಿಮ್ಮಿಸುತ್ತದೆ. ಉಳಿದವು ಹಾಗಲ್ಲ. ಅವು ಕೆಟ್ಟವು ಎಂದರೆ ಕೆಟ್ಟವೇ; ಎಸೆಯಲು ಜಾಗವಿಲ್ಲ, ಇಟ್ಟುಕೊಳ್ಳಲು ಕಾರಣವಿಲ್ಲ.

ಯಂತ್ರಗಳನ್ನು ದೂರಿ ಪ್ರಯೋಜನವಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೆದರಿ ಗೊನೆಗೊನೆಗೂ ಕೊಟ್ಟೆ ಕಟ್ಟುತ್ತಿದ್ದ ಕಾಲವೊಂದಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಕೊಳೆಗೆ ಮದ್ದಾಗಿ ಬಳಕೆಗೆ ತಂದ ಮೇಲೆ ಪಂಪು ತೋಟದ ಅವಿಭಾಜ್ಯ ಅಂಗವಾಯಿತು. ಕೈಪಂಪಿನ ಬಳಿಕ ಎಂಜಿನ್ ಪಂಪು, ಎಂಜಿನ್ ಬಳಿಕ ಮೋಟಾರು, ಈಗ ಬ್ಯಾಟರಿ. ಊರಿನಲ್ಲಿ ಕೆಲಸಕ್ಕೆ ಜನ ಸಿಗದ, ಇರುವ ಮನೆಗಳಲ್ಲಿ ಅರುವತ್ತು ದಾಟಿದವರೇ ಉಳಿದಿರುವ ಈ ದಿನಗಳಲ್ಲಿ ಹದಿನಾರು ಲೀಟರಿನ ಟ್ಯಾಂಕು ಹೊತ್ತು, ಒಂದು ಕೈಯಲ್ಲಿ ಸನ್ನೆ ಒತ್ತುತ್ತ ಇಡೀ ದಿನ ಗುಡ್ಡದ ಏರಿನಲ್ಲಿ ನಡೆಯಿರೆಂದು ಯಾರೂ ಯಾರಿಗೂ ಹೇಳಲಾಗದು. ಪೆಟ್ರೋಲಿನ ಎರಡು ಹೊಡೆತದ ಎಂಜಿನಿನ ಅಬ್ಬರ ಮತ್ತು ಹೊಗೆಗೆ ಹೋಲಿಸಿದರೆ ವಿದ್ಯುತ್ ಉಪಕರಣ ಎಷ್ಟೋ ಮೇಲು. ಪರಿಸರದ ಮಾತಾಡುವವರೇ ಅದನ್ನು ಶಿಫಾರಸು ಮಾಡಿದ್ದಾರೆ. ಕಳೆನಾಶಕ ಹೊಡೆಯುವುದರ ಬದಲು ಕಳೆ ಕೊಚ್ಚುವ ಯಂತ್ರ ಕೊಳ್ಳಿರಿ ಎಂದು ಸಭೆ ಸಭೆಗಳಲ್ಲಿ ಹೇಳಿದವರೂ ಅವರೇ. ಆದ್ದರಿಂದ ಆ ಯಂತ್ರ ಸತ್ತ ಮೇಲೆ ಅದರ ಗತಿಯೇನು ಎಂಬ ಪ್ರಶ್ನೆಯಿಂದ ನುಣುಚಿಕೊಳ್ಳುವ ಹಕ್ಕು ಅವರಿಗಂತೂ ಇಲ್ಲ.

ಬೆನ್ನಿಗೆ ಹೊರುವ ಪಂಪಿನ ಬುಡದಲ್ಲಿರುವುದು ಸಾಮಾನ್ಯವಾಗಿ ಹನ್ನೆರಡು ವೋಲ್ಟಿನ, ಮುಚ್ಚಿದ ಪೆಟ್ಟಿಗೆಯ ಸೀಸ-ಆಮ್ಲ ಬ್ಯಾಟರಿ. ಎರಡು ಕಿಲೋಗೂ ಮಿಕ್ಕಿದ ತೂಕ. ಅದರಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಸೀಸ, ಉಳಿದದ್ದರಲ್ಲಿ ಗಂಧಕಾಮ್ಲ ಮತ್ತು ಪ್ಲಾಸ್ಟಿಕ್ಕು. ಇದರ ಆಯುಷ್ಯ ಮಲೆನಾಡಿನಲ್ಲಿ ವಿಶೇಷವಾಗಿ ಕಡಿಮೆಯಾಗುವುದಕ್ಕೆ ಕಾರಣ ತೋಟದ ಪಂಚಾಂಗವೇ. ಮಳೆಗಾಲಕ್ಕೆ ಮುಂಚೆ ಕಾಳುಮೆಣಸಿನ ಬುಡಕ್ಕೆ, ಎಳೆ ಸಸಿಗಳಿಗೆ ಒಂದಿಷ್ಟು ಕೆಲಸ. ಮಳೆ ಬಿಡುವು ಕೊಟ್ಟಾಗ ಇನ್ನೊಂದಿಷ್ಟು. ಆಮೇಲೆ ತಿಂಗಳುಗಟ್ಟಲೆ ಪಂಪು ಮೊಳೆಗೆ ನೇತುಬಿದ್ದಿರುತ್ತದೆ. ಅರ್ಧ ಖಾಲಿಯಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಅದು ತಾನಾಗಿಯೇ ಮತ್ತಷ್ಟು ಬರಿದಾಗುತ್ತದೆ, ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳುಗಟ್ಟುತ್ತದೆ. ಆ ಹರಳು ಒಮ್ಮೆ ಬಲಿಯಿತೆಂದರೆ ಯಾವ ಚಾರ್ಜಿಗೂ ಅದು ಕರಗದು. ಕೆಲಸ ಮಾಡಿ ಸವೆದು ಸಾಯುವ ಬ್ಯಾಟರಿಗಳಿಗಿಂತ ಕೆಲಸವಿಲ್ಲದೆ ಕುಳಿತು ಸಾಯುವ ಬ್ಯಾಟರಿಗಳೇ ಈ ಸೀಮೆಯಲ್ಲಿ ಹೆಚ್ಚೆಂದು ತಾಲೂಕು ಪೇಟೆಯ ರಿಪೇರಿಯವರನ್ನು ಕೇಳಿದರೆ ತಿಳಿದೀತು. ತಿಂಗಳಿಗೊಮ್ಮೆ, ಅಮಾವಾಸ್ಯೆಯನ್ನೋ ಹುಣ್ಣಿಮೆಯನ್ನೋ ಗುರುತಿಟ್ಟುಕೊಂಡು, ತುಂಬ ಚಾರ್ಜು ಮಾಡಿಟ್ಟರೆ ಒಂದು ವರ್ಷ ಬರುವುದು ಮೂರು ವರ್ಷ ಬಂದೀತು. ಮಾರುವವರು ಈ ಮಾತನ್ನು ಹೇಳುವುದಿಲ್ಲ. ಹೇಳಬೇಕಾದ ಅಗತ್ಯ ಅವರಿಗಿಲ್ಲ.

ಇನ್ನೂರು ಮನೆಗಳ ಒಂದು ಊರನ್ನು ಕಲ್ಪಿಸಿಕೊಳ್ಳೋಣ. ಮನೆಗೊಂದು ಪಂಪು, ಬ್ಯಾಟರಿ ಎರಡು ವರ್ಷಕ್ಕೊಮ್ಮೆ ಬದಲು. ವರ್ಷಕ್ಕೆ ನೂರು ಬ್ಯಾಟರಿ, ಇನ್ನೂರು ಕಿಲೋಗೂ ಮಿಕ್ಕಿದ ತೂಕ, ನೂರು ಕಿಲೋಗೂ ಮೀರಿದ ಸೀಸ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿನಲ್ಲಿ ಸೀಸಕ್ಕೆ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಂದರೆ ಒಂದೇ ಒಂದು ಗ್ರಾಂ ಸೀಸ ಪೂರ್ತಿ ಕರಗಿದರೆ ಒಂದು ಲಕ್ಷ ಲೀಟರ್ ನೀರು ಆ ಮಿತಿಯನ್ನು ಮುಟ್ಟುತ್ತದೆ. ಸೀಸ ಅಷ್ಟು ಸುಲಭವಾಗಿ ಕರಗುವುದಿಲ್ಲ, ಬಹುಪಾಲು ಮಣ್ಣಿಗೆ ಅಂಟಿಕೊಂಡು ಕೂರುತ್ತದೆ ಎಂಬುದೂ ನಿಜವೇ. ಆದರೆ ಮಣ್ಣು ಹುಳಿಯಾದಷ್ಟೂ ಅದರ ಚಲನೆ ಹೆಚ್ಚು. ಘಟ್ಟದ ಜಂಬಿಟ್ಟಿಗೆ ಮಣ್ಣು ಸಹಜವಾಗಿಯೇ ಹುಳಿ. ಅದರ ಮೇಲೆ ಬ್ಯಾಟರಿಯೊಡೆದು ಚೆಲ್ಲಿದ ಆಮ್ಲ, ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮಳೆ. ಹಿತ್ತಲಿನ ಗುಂಡಿಯಲ್ಲಿ ಎಸೆದದ್ದು ಹಿತ್ತಲಲ್ಲೇ ಉಳಿದೀತೆಂಬ ನಂಬಿಕೆ ಬಯಲುಸೀಮೆಯಲ್ಲಿ ಹೇಗೋ ಏನೋ, ಇಲ್ಲಿ ನಡೆಯದು. ಇಲ್ಲಿ ಪ್ರತಿ ಹಿತ್ತಲೂ ಯಾವುದೋ ಹಳ್ಳದ ನೆತ್ತಿ.

ನೀರಿಗಿಂತಲೂ ದೊಡ್ಡ ಅಪಾಯ ಧೂಳಿನದು. ಒಡೆದ ಬ್ಯಾಟರಿಯ ಬೂದುಬಣ್ಣದ ಪುಡಿ ಅಂಗಳದ ಮಣ್ಣಿಗೆ ಸೇರುತ್ತದೆ, ಅಂಗಳದಲ್ಲಿ ಆಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಮಕ್ಕಳ ದೇಹ ದೊಡ್ಡವರಿಗಿಂತ ಹೆಚ್ಚು ಪ್ರಮಾಣದಲ್ಲಿ ಸೀಸವನ್ನು ಹೀರಿಕೊಳ್ಳುತ್ತದೆ; ಇಷ್ಟರವರೆಗೆ ಪರವಾಗಿಲ್ಲ ಎನ್ನಬಹುದಾದ ಸುರಕ್ಷಿತ ಮಟ್ಟವೆಂಬುದೇ ಸೀಸಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು 2020ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನ ಪ್ರತಿ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ. ಅಂತಹ ಮಕ್ಕಳು ಅತಿ ಹೆಚ್ಚಿರುವ ದೇಶ ಭಾರತ, ಸುಮಾರು 27.5 ಕೋಟಿ. ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದೆಂದು ಆ ವರದಿ ಬೊಟ್ಟುಮಾಡುವುದು ಹಳೆಯ ಸೀಸ-ಆಮ್ಲ ಬ್ಯಾಟರಿಗಳನ್ನು ಹಿತ್ತಲಲ್ಲಿ ಒಡೆದು ಕರಗಿಸುವ ಕಸುಬನ್ನು. ಸೀಸ ತಟ್ಟಿದ ಮಗು ಹಾಸಿಗೆ ಹಿಡಿಯುವುದಿಲ್ಲ. ಪಾಠ ತಲೆಗೆ ಹತ್ತದ ಹುಡುಗ ಎಂದು ಕರೆಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂರುತ್ತದೆ.

ಇನ್ನು ತಾಮ್ರದ ಕಥೆ. ಹುಲ್ಲು ಕೊಚ್ಚುವ ಯಂತ್ರವಾಗಲಿ, ಅಡಿಕೆ ಸುಲಿಯುವ ಯಂತ್ರವಾಗಲಿ, ಅದರ ಬೆಲೆಬಾಳುವ ಭಾಗವೆಂದರೆ ಮೋಟಾರಿನ ಸುರುಳಿ ಮತ್ತು ವಯರು. ಗುಜರಿಯವರು ತೂಕಕ್ಕೆ ಕೊಂಡುಹೋಗುತ್ತಾರೆ; ಮೇಲುಹೊದಿಕೆಯಿದ್ದರೆ ಬೆಲೆ ಕಡಿಮೆ, ಬರಿ ತಾಮ್ರಕ್ಕೆ ಹೆಚ್ಚು. ಅದಕ್ಕಾಗಿ ಊರ ಹೊರಗಿನ ಬಯಲಿನಲ್ಲೋ ಹೊಳೆದಂಡೆಯಲ್ಲೋ ಸಂಜೆ ಹೊತ್ತು ಬೆಂಕಿ ಬೀಳುತ್ತದೆ. ಪಿವಿಸಿ ಹೊದಿಕೆಯಲ್ಲಿರುವ ಕ್ಲೋರಿನ್ ಅರೆಬೆಂಕಿಯಲ್ಲಿ ಡಯಾಕ್ಸಿನ್ ಮತ್ತು ಫ್ಯೂರಾನ್ ಎಂಬ ವಿಷಗಳಾಗಿ ಮಾರ್ಪಡುತ್ತದೆ. ಒಳಗಿರುವ ತಾಮ್ರವೇ ಆ ಕ್ರಿಯೆಗೆ ವೇಗವರ್ಧಕ. ಹೊಗೆಯೊಡನೆ ಹೊರಟ ಡಯಾಕ್ಸಿನ್ ಹುಲ್ಲಿನ ಮೇಲೆ ಕೂತು, ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿನ ಕೊಬ್ಬಿಗೆ ಬರುತ್ತದೆ. ಸುಟ್ಟ ತಾಮ್ರಕ್ಕಿಂತ ಸುಲಿದ ಹೊಳಪಿನ ತಾಮ್ರಕ್ಕೇ ಪೇಟೆಯಲ್ಲಿ ಹೆಚ್ಚಿನ ದರ ಎಂಬುದು ಈ ಇಡೀ ವ್ಯವಹಾರದ ವಿಚಿತ್ರ. ಕೈಯಲ್ಲಿ ತಿರುಗಿಸುವ ಸಣ್ಣ ಸುಲಿಗೆ ಯಂತ್ರವೊಂದಿದ್ದರೆ ಹೊಗೆಯೂ ಇಲ್ಲ, ನಷ್ಟವೂ ಇಲ್ಲ. ಗುಜರಿ ಆಟೋ ಓಡಿಸುವ ಹುಡುಗನನ್ನು ಖಳನನ್ನಾಗಿಸುವ ಬರಹಗಳು ಈ ಕಾರಣಕ್ಕೇ ಅನ್ಯಾಯದವು. ಗುಡ್ಡದ ತುದಿಯ ಒಂಟಿ ಮನೆಯವರೆಗೂ ಬಂದು ಕಬ್ಬಿಣ, ತಗಡು, ಬಾಟಲಿ ಒಯ್ಯುವ ವ್ಯವಸ್ಥೆಯೆಂದು ಈವರೆಗೆ ಇರುವುದು ಅವನೊಬ್ಬನೇ. ಅವನಿಗೆ ಕಲಿಸಿದವರಿಲ್ಲ, ಸಲಕರಣೆ ಕೊಟ್ಟವರೂ ಇಲ್ಲ.

ಅವನು ಒಯ್ದದ್ದು ತಾಲೂಕು ಪೇಟೆಯ ಗೋದಾಮಿಗೆ, ಅಲ್ಲಿಂದ ಹುಬ್ಬಳ್ಳಿ, ಮಂಗಳೂರು, ಬೆಂಗಳೂರುಗಳಿಗೆ ಸಾಗುತ್ತದೆ. ಸರ್ಕ್ಯೂಟು ಹಲಗೆಗಳು ಇನ್ನೂ ದೂರ ಹೋಗುವುದುಂಟು. ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ, ರಾಮಗಂಗಾ ನದಿಯ ದಂಡೆಯಲ್ಲಿ, ಇಂತಹ ಹಲಗೆಗಳನ್ನು ಸುಟ್ಟ ಕಪ್ಪು ಬೂದಿಯ ರಾಶಿಗಳು ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದ ಪ್ರಕರಣವಾದವು. ಜಗತ್ತಿನಲ್ಲಿ 2022ರಲ್ಲಿ ಹುಟ್ಟಿದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಲೆಕ್ಕಕ್ಕೆ ಸಿಕ್ಕ ರೀತಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡ 22.3 ಮಾತ್ರವೆಂದು ವಿಶ್ವಸಂಸ್ಥೆಯ 2024ರ ವರದಿ ತಿಳಿಸುತ್ತದೆ. ಉಳಿದದ್ದರಲ್ಲಿ ಮಲೆನಾಡಿನ ಅಟ್ಟಗಳ ಪಾಲೂ ಇದೆ.

ಕಾನೂನು ಇಲ್ಲವೆಂದಲ್ಲ. ವಿದ್ಯುನ್ಮಾನ ತ್ಯಾಜ್ಯದ ಮೊದಲ ನಿಯಮಗಳು 2011ರಲ್ಲಿ ಬಂದು 2012ರ ಮೇ ತಿಂಗಳಿನಿಂದ ಜಾರಿಯಾದವು. ಆಗ ಅವು ನೋಡಿದ್ದು ಕಂಪ್ಯೂಟರು, ಫೋನು, ಟಿವಿ, ಫ್ರಿಜ್ಜುಗಳಂತಹ ನಗರದ ವಸ್ತುಗಳನ್ನು. 2016ರಲ್ಲಿ ಅವು ಪರಿಷ್ಕೃತವಾದವು. 2022ರಲ್ಲಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳಲ್ಲಿ ಪಟ್ಟಿ ನೂರಕ್ಕೂ ಹೆಚ್ಚು ವಸ್ತುಗಳಿಗೆ ಹಿಗ್ಗಿತು. ಹುಲ್ಲು ಕತ್ತರಿಸುವ ಮತ್ತು ತೋಟಗೆಲಸದ ವಿದ್ಯುತ್ ಸಲಕರಣೆಗಳು, ದ್ರವ ಸಿಂಪಡಿಸುವ ಉಪಕರಣಗಳು ಮೊದಲ ಬಾರಿಗೆ ಹೆಸರು ಪಡೆದವು. ಅಟ್ಟದ ಮೇಲಿರುವ ಯಂತ್ರಕ್ಕೆ ಹೀಗೆ ಕಾನೂನಿನಲ್ಲಿ ಒಂದು ಸ್ಥಾನ ದೊರೆಯಿತು. ಮಾರಿದ ಸರಕಿನ ಲೆಕ್ಕದಲ್ಲಿ ಇಂತಿಷ್ಟನ್ನು ಮರುಬಳಕೆ ಮಾಡಿಸಬೇಕೆಂದು ಉತ್ಪಾದಕರಿಗೆ ಗುರಿಯೂ ನಿಗದಿಯಾಯಿತು: 2023-24 ಮತ್ತು 2024-25ಕ್ಕೆ ಶೇಕಡ 60, ಮುಂದಿನ ಎರಡು ವರ್ಷಗಳಿಗೆ 70, ಆಮೇಲೆ 80.

ಕಾಗದದ ಮೇಲೆ ಚೆನ್ನಾಗಿ ಕಾಣುವ ಈ ಏರ್ಪಾಡು ಘಟ್ಟ ಹತ್ತುವಾಗ ಏದುಸಿರು ಬಿಡುತ್ತದೆ. 2016ರ ನಿಯಮಗಳಲ್ಲಿ ಹಳೆಯ ಸಾಮಾನನ್ನು ಸಂಗ್ರಹಿಸುವ ವ್ಯವಸ್ಥೆಯನ್ನು ಉತ್ಪಾದಕರೇ ಕಟ್ಟಬೇಕಿತ್ತು. ಈಗ ಹಾಗಿಲ್ಲ. ನೋಂದಾಯಿತ ಮರುಬಳಕೆ ಘಟಕಗಳು ತಾವು ಬೇರ್ಪಡಿಸಿದ ಲೋಹದ ತೂಕಕ್ಕೆ ಪ್ರಮಾಣಪತ್ರ ಪಡೆಯುತ್ತವೆ, ಉತ್ಪಾದಕರು ಆ ಪ್ರಮಾಣಪತ್ರ ಕೊಂಡು ಗುರಿ ಮುಟ್ಟಿಸುತ್ತಾರೆ. ಆ ಲೋಹ ಎಲ್ಲಿಯದೆಂದು ಯಾರೂ ಕೇಳುವುದಿಲ್ಲ. ಬೆಂಗಳೂರಿನ ಒಂದು ಕಚೇರಿ ಕಟ್ಟಡದಿಂದ ಒಂದೇ ಲಾರಿಯಲ್ಲಿ ಸಿಗುವ ತೂಕಕ್ಕಾಗಿ ಹೊಸನಗರ, ಸಿದ್ದಾಪುರ, ಕೊಪ್ಪಗಳ ಕಡೆ ಮನೆಯಿಂದ ಮನೆಗೆ ಎರಡು ಮೈಲಿ ದೂರವಿರುವ ರಸ್ತೆಗಳಲ್ಲಿ ಅಲೆಯಲು ಯಾವ ಘಟಕಕ್ಕೆ ತಾನೆ ಗೀಳು ಹಿಡಿದಿದೆ? ಪ್ರಮಾಣಪತ್ರದ ಲೆಕ್ಕಕ್ಕೆ ಬರುವ ಲೋಹಗಳಾದರೂ ನಾಲ್ಕೇ: ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ. ಹೊಸ ಮಾದರಿಯ ಮೋಟಾರುಗಳಲ್ಲಿರುವ ನಿಯೋಡಿಮಿಯಂ ಅಯಸ್ಕಾಂತ ಈ ಲೆಕ್ಕದಲ್ಲಿಲ್ಲ, ಪ್ಲಾಸ್ಟಿಕ್ಕೂ ಇಲ್ಲ. ಬ್ಯಾಟರಿಗಳಿಗೆ 2022ರ ಆಗಸ್ಟಿನಲ್ಲಿ ಬೇರೆಯೇ ನಿಯಮಗಳು ಬಂದವು. ಹಳೆಯ ಬ್ಯಾಟರಿಯನ್ನು ಉಳಿದ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿ ಒಪ್ಪಿಸುವ ಕರ್ತವ್ಯ ಬಳಕೆದಾರನದೆಂದು ಅವು ಹೇಳುತ್ತವೆ. ಎಲ್ಲಿ ಒಪ್ಪಿಸಬೇಕು ಎಂಬುದಕ್ಕೆ ಹಳ್ಳಿಯಲ್ಲಿ ಉತ್ತರವಿಲ್ಲ.

ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದ ನಾಡೇನಲ್ಲ. ದೇಶದಲ್ಲಿ ವಿದ್ಯುನ್ಮಾನ ತ್ಯಾಜ್ಯವನ್ನು ಶಾಸ್ತ್ರೀಯವಾಗಿ ಬಿಡಿಸುವ ಮೊದಮೊದಲ ಅಧಿಕೃತ ಘಟಕಗಳಲ್ಲಿ ಒಂದಾದ ಇ-ಪರಿಸರ 2005ರಲ್ಲಿ ಆರಂಭವಾದದ್ದು ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ. ಇಪ್ಪತ್ತು ವರ್ಷ ಕಳೆದರೂ ಆ ಘಟಕಗಳಿಗೂ ಮಲೆನಾಡಿನ ಅಟ್ಟಕ್ಕೂ ನಡುವೆ ದಾರಿಯೊಂದು ಮಾತ್ರ ಮೂಡಲಿಲ್ಲ.

ದಾರಿ ಒಂದು ದಿಕ್ಕಿಗೆ ಮಾತ್ರ ಇದೆ. 2014-15ರಲ್ಲಿ ಆರಂಭವಾದ ಕೃಷಿ ಯಾಂತ್ರೀಕರಣ ಉಪ ಅಭಿಯಾನದಡಿ ಸಿಂಪಡಣೆ ಪಂಪು, ಕಳೆ ಕೊಚ್ಚುವ ಯಂತ್ರಗಳಿಗೆ ಸಹಾಯಧನ ದೊರೆಯಿತು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕದ ನಕಲು ಕೊಟ್ಟರೆ ಯಂತ್ರ ಮನೆ ಸೇರುತ್ತದೆ. ಇಂತಹ ಸಣ್ಣ ರೈತನ ಮನೆಗೆ ಯಂತ್ರ ಮುಟ್ಟಿಸಿದ್ದು ಆ ಯೋಜನೆಯ ದೊಡ್ಡ ಗುಣ. ಆದರೆ ಯಂತ್ರದ ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಳ್ಳುವ ಇಲಾಖೆ ಹತ್ತು ವರ್ಷದ ಬಳಿಕ ಅದು ಏನಾಯಿತೆಂದು ಕೇಳುವುದಿಲ್ಲ. ಸಾರ್ವಜನಿಕರ ಹಣದಿಂದ ಹೋದ ವಸ್ತು ಸಾರ್ವಜನಿಕರ ಹೊಳೆಗೆ ಕಸವಾಗಿ ಇಳಿಯುವುದನ್ನು ತಡೆಯುವ ಷರತ್ತೊಂದನ್ನು ಸಹಾಯಧನದ ಆದೇಶದಲ್ಲೇ ಸೇರಿಸಬಹುದಿತ್ತು: ಹಳೆಯದನ್ನು ತಂದೊಪ್ಪಿಸಿ ಹೊಸದನ್ನು ಒಯ್ಯಿರಿ ಎಂಬ ಒಂದು ಸಾಲು ಸಾಕಿತ್ತು. ವಾಹನದ ಬ್ಯಾಟರಿಗೆ ಈ ಪದ್ಧತಿ ಎಷ್ಟೋ ವರ್ಷಗಳಿಂದ ನಡೆದುಬಂದಿದೆ. ಹಳೆಯ ಬ್ಯಾಟರಿ ಕೊಟ್ಟವರಿಗೆ ಹೊಸದರ ಬೆಲೆಯಲ್ಲಿ ಸೋಡಿ ಕೊಡಬೇಕೆಂದು 2001ರ ಬ್ಯಾಟರಿ ನಿಯಮಗಳೇ ಅಂಗಡಿಯವರಿಗೆ ವಿಧಿಸಿದ್ದವು. ಜೀಪಿನ ಬ್ಯಾಟರಿಯನ್ನು ಅಟ್ಟದಲ್ಲಿಟ್ಟವರು ಆದ್ದರಿಂದಲೇ ವಿರಳ. ಪಂಪಿನ ಬ್ಯಾಟರಿಯಲ್ಲಿರುವುದೂ ಅದೇ ಸೀಸ, ಅದೇ ಆಮ್ಲ. ಗಾತ್ರ ಮಾತ್ರ ಚಿಕ್ಕದು.

ತೋಟದ ಯಂತ್ರಕ್ಕೆ ಇನ್ನೊಂದು ಕೇಡಿದೆ, ಅದು ಫೋನಿಗೋ ಟಿವಿಗೋ ಇಲ್ಲ. ಅದು ವಿಷ ಹೊತ್ತ ಪಾತ್ರೆ. ಬಗೆಬಗೆಯ ಕೀಟನಾಶಕ, ಕಳೆನಾಶಕಗಳ ಪಸೆ ಟ್ಯಾಂಕಿನ ಗೋಡೆಯಲ್ಲೂ ಕೊಳವೆಯಲ್ಲೂ ಉಳಿದಿರುತ್ತದೆ. ಇದೇ ಟ್ಯಾಂಕು ಕರಗಿ ನಾಳೆ ಯಾವುದೋ ಬಕೆಟ್ಟಾಗಿ ಬಚ್ಚಲಿಗೆ ಬಂದರೆ ತಿಳಿಯುವವರಾರು? ಈಗ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಸ್ವಚ್ಛ ಸಂಕೀರ್ಣಗಳಿವೆ, ಸ್ವಸಹಾಯ ಸಂಘದ ಹೆಂಗಸರು ಸ್ವಚ್ಛ ವಾಹಿನಿ ಓಡಿಸಿಕೊಂಡು ಬಂದು ಒಣಕಸ ಒಯ್ಯುತ್ತಾರೆ. ಚೀಲದಲ್ಲಿ ತುರುಕಿದ ಹಳೆಯ ಪಂಪನ್ನು ಬರಿಗೈಯಲ್ಲಿ ಬಿಚ್ಚುವವರು ಅವರೇ. ಯಂತ್ರ ಕೊಡುವ ಮೊದಲು ಟ್ಯಾಂಕನ್ನು ಮೂರು ಬಾರಿ ತೊಳೆದು, ತೊಳೆದ ನೀರನ್ನು ಹಳ್ಳಕ್ಕೆ ಬಿಡದೆ ಮದ್ದು ಹೊಡೆದ ಬೆಳೆಯ ಬುಡಕ್ಕೇ ಚೆಲ್ಲಿ, ಬ್ಯಾಟರಿಯನ್ನು ಬೇರ್ಪಡಿಸಿ, ಇದು ಮದ್ದಿನ ಪಂಪು ಎಂದು ಒಂದು ಚೀಟಿ ಕಟ್ಟಿ ಕೊಡುವುದು ಆ ಹೆಂಗಸರಿಗೆ ಸಲ್ಲಬೇಕಾದ ಕನಿಷ್ಠ ಮರ್ಯಾದೆ. ಉಬ್ಬಿದ ಲಿಥಿಯಂ ಬ್ಯಾಟರಿಯಾದರೆ ಅದನ್ನು ಚುಚ್ಚುವುದೂ ಬೇಡ, ಚಾರ್ಜಿಗೆ ಹಾಕಿ ಪರೀಕ್ಷಿಸುವುದೂ ಬೇಡ. ತುದಿಗಳಿಗೆ ಅಂಟುಪಟ್ಟಿ ಸುತ್ತಿ, ಒಣ ಮರಳಿನ ಡಬ್ಬಿಯಲ್ಲಿ, ಹುಲ್ಲುಗೊಣಬೆಯಿಂದಲೂ ಅಡಿಕೆ ಹಾಳೆಯ ರಾಶಿಯಿಂದಲೂ ದೂರ ಇಡಬೇಕು. ಅಟ್ಟದಲ್ಲಿ ಒಣ ಹಾಳೆ, ಪಕ್ಕದಲ್ಲಿ ಉಬ್ಬಿದ ಬ್ಯಾಟರಿ, ಕೆಳಗೆ ಮಲಗಿದ ಮನೆಮಂದಿ. ಈ ಜೋಡಣೆ ಎಷ್ಟೋ ಮನೆಗಳಲ್ಲಿದೆ.

ಕೊಡಗು, ಚಿಕ್ಕಮಗಳೂರುಗಳ ಹೋಂಸ್ಟೇ ರೆಸಾರ್ಟುಗಳ ಬಗೆಗೂ ಒಂದು ಮಾತು. ಶೋಲಾ ಕಾಡಿನ ನೆತ್ತಿಯಲ್ಲಿ ದೇವರು ಕೊಟ್ಟ ಹುಲ್ಲುಗಾವಲು ಇರುವಾಗ ಅಂಗಳದಲ್ಲಿ ಬೇರೆ ದೇಶದ ಹುಲ್ಲು ಬೆಳೆಸಿ, ಅದನ್ನು ವಾರಕ್ಕೊಮ್ಮೆ ವಿದ್ಯುತ್ ಯಂತ್ರದಿಂದ ಕ್ಷೌರ ಮಾಡಿಸುವ ಶೋಕಿ ಅವರದು. ನಿಯಮಗಳ ಪ್ರಕಾರ ದೊಡ್ಡ ಬಳಕೆದಾರ ಎನಿಸಿಕೊಳ್ಳಲು ವರ್ಷದಲ್ಲಿ ಸಾವಿರ ಉಪಕರಣಗಳಾದರೂ ಇರಬೇಕಾದ್ದರಿಂದ ಅವರಾರೂ ಆ ಹೊಣೆಯ ಬಲೆಗೆ ಬೀಳುವುದಿಲ್ಲ. ಪರವಾನಗಿ ನವೀಕರಿಸುವಾಗ ಪಂಚಾಯಿತಿ ಕೇಳಬಹುದು.

ಮರುಬಳಕೆಗಿಂತ ಮುಂಚೆ ಮಾಡಬೇಕಾದ ಕೆಲಸ ರಿಪೇರಿ. ಸತ್ತಿತೆಂದು ಎಸೆದ ಯಂತ್ರಗಳಲ್ಲಿ ಬಹಳಷ್ಟರ ರೋಗ ಸಣ್ಣದು: ಸವೆದ ಕಾರ್ಬನ್ ಬ್ರಷ್ಷು, ತುಕ್ಕು ಹಿಡಿದ ಬೇರಿಂಗು, ಸುಣ್ಣದ ಪುಡಿ ಸಿಕ್ಕಿಕೊಂಡ ಪಂಪಿನ ಪೊರೆ, ಕಡಿದುಹೋದ ಸ್ವಿಚ್ಚು. ಮೋಟಾರಿನ ಸುರುಳಿ ಸುತ್ತುವವರು ಮಲೆನಾಡಿನ ಪ್ರತಿಯೊಂದು ತಾಲೂಕು ಪೇಟೆಯಲ್ಲೂ ಇದ್ದಾರೆ. ಅವರ ಅಂಗಡಿಗಳಲ್ಲಿ ಈಗ ಹುಡುಗರು ಕಲಿಯಲು ಬರುತ್ತಿಲ್ಲವಷ್ಟೆ. ಹೊಸ ಯಂತ್ರಗಳ ಕವಚ ಬಿಚ್ಚಲಾಗದಂತೆ ಅಂಟಿಸಿರುತ್ತಾರೆ, ಬಿಡಿಭಾಗ ಕೇಳಿದರೆ ಮಾದರಿ ನಿಂತುಹೋಗಿದೆ ಎನ್ನುತ್ತಾರೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಕುರಿತು ಸಮಿತಿ ನೇಮಿಸಿದಾಗ ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು. ಆ ಹಕ್ಕನ್ನು ಕೇಳಿ ಪಡೆಯಬೇಕಾದ ರೈತ ಸಂಘಟನೆಗಳು ಬೆಲೆ, ಬೆಂಬಲ ಬೆಲೆಗಳ ಗದ್ದಲದಲ್ಲಿ ಇದನ್ನು ಗಮನಿಸಿದಂತಿಲ್ಲ. ಮನೆಗೊಂದು ಯಂತ್ರವೇ ಬೇಕೆ ಎಂಬುದನ್ನೂ ಯೋಚಿಸಬಹುದು. ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ನಾಲ್ಕು ಮನೆ ಸೇರಿ ಒಂದನ್ನು ಕೊಂಡರೆ ಅದು ಮೊಳೆಗೆ ನೇತುಬಿದ್ದು ಸಾಯುವ ಬದಲು ದುಡಿಯುತ್ತ ಬದುಕೀತು. ಮುಯ್ಯಾಳಿನ ಲೆಕ್ಕ ಗೊತ್ತಿದ್ದ ಊರುಗಳಿಗೆ ಮುಯ್ಯಿಯಂತ್ರ ಕಷ್ಟವಾಗಬಾರದು.

1983ರಲ್ಲಿ ಶಿರಸಿ ಸೀಮೆಯ ಸಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡಾಗ ಕೊಡಲಿ ಹಿಡಿದವರು ಎದುರಿಗೆ ಕಾಣುತ್ತಿದ್ದರು. ಅಣೆಕಟ್ಟು, ಗಣಿ, ಸ್ಥಾವರಗಳ ವಿರುದ್ಧ ನಡೆದ ಹೋರಾಟಗಳಲ್ಲೂ ಅಷ್ಟೆ. ಈ ಬಾರಿ ಎದುರಾಳಿ ಹೊರಗಿನಿಂದ ಬಂದವನಲ್ಲ, ಘೋಷಣೆ ಕೂಗಲು ಗೇಟೂ ಇಲ್ಲ. ಬಹುಶಃ ಅದಕ್ಕಾಗಿಯೇ ಚಳವಳಿಗಳ ಕಾರ್ಯಸೂಚಿಯಲ್ಲಿ ಇದು ಇಷ್ಟು ತಡವಾಗಿ ಬಂದಿದೆ.

ದಾರಿ ಹಾಕಬಲ್ಲ ಸಂಸ್ಥೆಗಳು ಮಾತ್ರ ಊರಿನಲ್ಲೇ ಇವೆ. ಅಡಿಕೆ ಮಾರಾಟದ ಸಹಕಾರಿ ಸಂಘಗಳು, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಗೊಬ್ಬರ, ಮೈಲುತುತ್ತ, ಪಂಪುಗಳನ್ನು ತಾವೇ ಮಾರುತ್ತವೆ. ಅವುಗಳಿಗೆ ಗೋದಾಮಿದೆ, ತಕ್ಕಡಿಯಿದೆ, ಪ್ರತಿ ಸದಸ್ಯನ ಖಾತೆಯಿದೆ. ಅಡಿಕೆ ತುಂಬಿದ ಲಾರಿ ಹೋಗುವ ದಾರಿಯಲ್ಲೇ ವರ್ಷಕ್ಕೆರಡು ಬಾರಿ ಹಳೆಯ ಯಂತ್ರಗಳ ಲಾರಿಯೂ ಹೋಗಬಹುದು. ನೋಂದಾಯಿತ ಮರುಬಳಕೆ ಘಟಕದೊಡನೆ ಸಂಘವೇ ಒಪ್ಪಂದ ಮಾಡಿಕೊಂಡು, ತೂಕಕ್ಕೆ ಸಿಕ್ಕ ಹಣವನ್ನು ಸದಸ್ಯರ ಖಾತೆಗೆ ಜಮಾ ಮಾಡಬಹುದು. ಮನೆ ಮನೆಯಿಂದ ತರುವ ಕೆಲಸವನ್ನು ಆ ದಾರಿ ಬಲ್ಲ ಗುಜರಿಯವರಿಗೇ ಕೂಲಿ ಕೊಟ್ಟು ವಹಿಸಿದರೆ ಅವರ ಅನ್ನವೂ ಉಳಿಯುತ್ತದೆ, ಹೊಳೆದಂಡೆಯ ಬೆಂಕಿಯೂ ಆರುತ್ತದೆ. ಎಷ್ಟಿದೆ ಎಂಬ ಲೆಕ್ಕ ಮೊದಲು ಬೇಕು. ಪ್ರೌಢಶಾಲೆಯ ವಿದ್ಯಾರ್ಥಿಗಳು ಒಂದು ರಜೆಯಲ್ಲಿ ತಮ್ಮ ತಮ್ಮ ಕೇರಿಯ ಅಟ್ಟಗಳಲ್ಲಿರುವ ಯಂತ್ರಗಳನ್ನು, ಕೈಯಿಂದ ಮುಟ್ಟದೆ, ಎಣಿಸಿ ಬರೆದುಕೊಂಡು ಬಂದರೆ ಅದೇ ಒಂದು ದಾಖಲೆ. ಯಾವ ಯಂತ್ರ, ಎಷ್ಟು ವರ್ಷ ದುಡಿಯಿತು, ಏನು ಕೆಟ್ಟಿತು, ಬ್ಯಾಟರಿ ಸೀಸದ್ದೋ ಲಿಥಿಯಂದೋ, ಸಹಾಯಧನದಲ್ಲಿ ಬಂದದ್ದೋ ಅಲ್ಲವೋ.

ಸಹಕಾರಿ ಸಂಘಗಳ ವಾರ್ಷಿಕ ಮಹಾಸಭೆಗಳು ಸೆಪ್ಟೆಂಬರಿನಲ್ಲಿ ನಡೆಯುತ್ತವೆ. ಆಡಾವೆ ಪತ್ರಿಕೆ, ಡಿವಿಡೆಂಡು, ಊಟದ ನಡುವೆ ಸದಸ್ಯರೊಬ್ಬರು ಎದ್ದು ನಿಂತು, ಸಂಘವು ಮಾರಿದ ಬ್ಯಾಟರಿ ಪಂಪುಗಳೆಷ್ಟು, ಅವುಗಳಲ್ಲಿ ಹಿಂದಕ್ಕೆ ಬಂದವೆಷ್ಟು ಎಂದು ಕೇಳಿದರೆ ಅದಕ್ಕೆ ಉತ್ತರ ಕೊಡಬೇಕಾದುದು ಆಡಳಿತ ಮಂಡಳಿ. ಮೊದಲ ಸಂಖ್ಯೆ ಸಂಘದ ಮಾರಾಟ ಪುಸ್ತಕದಲ್ಲಿ ಇದ್ದೇ ಇದೆ.